ಒಂದೇ ಮಾತು, ಎರಡು ಸಲ

ಕೇಳುಗರಿಗೆ ನಮಸ್ಕಾರ.

'ನಾಗರಹಾವು' ಸಿನಿಮಾದಲ್ಲಿ ಚಾಮಯ್ಯ ಮೇಷ್ಟ್ರು ತಮ್ಮ ಶಿಷ್ಯ ರಾಮಾಚಾರಿಯನ್ನು ಒಂದು ಮಾತು ಕೇಳುತ್ತಾರೆ. ನೀನು ಇಷ್ಟಪಟ್ಟ ಹುಡುಗಿಯನ್ನು ಬಿಟ್ಟುಬಿಡು ಅಂತ. ಆ ಮಾತನ್ನು ಅವರು ಒಂದು ಸಲ ಅಲ್ಲ, ಎರಡು ಸಲ ಕೇಳುತ್ತಾರೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಎರಡು ಸಲದ ಬಗ್ಗೆ.

ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಗೆ ಬಂದದ್ದು 1972ರಲ್ಲಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಒಂದು ಸಿನಿಮಾ ಅದು. ಯೋಚನೆ ಮಾಡಿ, ಮೂರು ಕಾದಂಬರಿ, ಒಂದು ಸಿನಿಮಾ. ಇಬ್ಬರು ನಾಯಕಿಯರು, ಕಾಲೇಜು, ಬೀದಿ ಜಗಳ, ಚಿತ್ರದುರ್ಗದ ಕೋಟೆ, ನಡುವೆ ಓಬವ್ವನ ಕಥೆ ಬೇರೆ. ಇಷ್ಟೆಲ್ಲ ತುಂಬಿದರೆ ಕಥೆ ಚೆಲ್ಲಾಪಿಲ್ಲಿ ಆಗಬೇಕಿತ್ತು. ಆಗಲಿಲ್ಲ. ಎಲ್ಲವನ್ನೂ ಕಟ್ಟಿ ಹಿಡಿದ ದಾರ ಆ ಮೇಷ್ಟ್ರ ಮಾತು ಅನ್ನುವುದು ನನ್ನ ನಂಬಿಕೆ.

ಮೊದಲು ರಾಮಾಚಾರಿ ಎಂಥವನು ಅಂತ ತೋರಿಸುತ್ತಾರೆ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳುತ್ತಾನೆ. ಅವಮಾನ ತಡೆಯಲಾರದೆ ರಾತ್ರಿ ಪ್ರಿನ್ಸಿಪಾಲರ ಮನೆಗೆ ಕಲ್ಲು ಹೊಡೆಯುತ್ತಾನೆ, ಅವರನ್ನೇ ಕಂಬಕ್ಕೆ ಕಟ್ಟಿಹಾಕುತ್ತಾನೆ. ಮನೆಯವರ ಮಾತೂ ನಾಟುವುದಿಲ್ಲ. ಇಂಥವನು ಚಾಮಯ್ಯ ಮೇಷ್ಟ್ರ ಮುಂದೆ ಮಾತ್ರ ಮಗುವಿನ ಹಾಗೆ ನಿಲ್ಲುತ್ತಾನೆ. ಯಾರಿಗೂ ಬಗ್ಗದ ತಲೆ ಒಬ್ಬರಿಗೆ ಮಾತ್ರ ಬಗ್ಗುತ್ತದೆ ಅಂತ ನಮಗೆ ಗೊತ್ತಾದ ಮೇಲೆಯೇ ಮೇಷ್ಟ್ರು ಅಲಮೇಲುವನ್ನು ಬಿಡು ಅಂತ ಕೇಳುವುದು. ರಾಮಾಚಾರಿ ಒಳಗೇ ನುಂಗಿಕೊಂಡು ಒಪ್ಪುತ್ತಾನೆ. ಸಾಧಾರಣ ಕಥೆಯಾಗಿದ್ದರೆ ಗುರುಭಕ್ತಿ ಗೆದ್ದಿತು ಅಂತ ಅಲ್ಲಿಗೇ ಮುಗಿಸಬಹುದಿತ್ತು.

ಮುಗಿಸಲಿಲ್ಲ. ಬಹಳ ದಿನಗಳ ಮೇಲೆ ಅಲಮೇಲು ಅವನಿಗೆ ಮತ್ತೆ ಸಿಗುತ್ತಾಳೆ. ಗಂಡನೇ ಅವಳನ್ನು ಮೈ ಮಾರುವ ಬಾಳಿಗೆ ತಳ್ಳಿದ್ದಾನೆ. ಸಿನಿಮಾದ ಬೆನ್ನೆಲುಬು ಈ ದೃಶ್ಯ. ಇಲ್ಲಿ ಕಥೆ ಹಿಂದಕ್ಕೆ ತಿರುಗಿ ಮೇಷ್ಟ್ರ ಆ ಹಳೆಯ ಮಾತನ್ನು ಮುಟ್ಟುತ್ತದೆ. ಆಗ ಒಳ್ಳೆಯದು ಅನಿಸಿದ ಮಾತು ಒಂದು ಹೆಣ್ಣಿನ ಬಾಳು ತಿಂದಿದೆ. ಮೇಷ್ಟ್ರು ಕೆಟ್ಟವರಲ್ಲ, ಅವರ ಪ್ರೀತಿ ಸುಳ್ಳಲ್ಲ. ಆದರೂ ಅವರು ತಪ್ಪು ಮಾಡಿದ್ದಾರೆ. ಖಳನ ಕೈಯಿಂದ ಕೇಡು ಮಾಡಿಸುವುದು ಸುಲಭ. ನಾವು ಕೈ ಮುಗಿಯುವ ಮನುಷ್ಯನಿಂದ ಮಾಡಿಸಬೇಕಾದರೆ ಕಥೆಗಾರನಿಗೆ ಧೈರ್ಯ ಬೇಕು.

ಆಮೇಲೆ ರಾಮಾಚಾರಿ ಇಷ್ಟಪಟ್ಟ ಎರಡನೇ ಹುಡುಗಿ, ಮಾರ್ಗರೇಟ್. ಈಗ ಧರ್ಮವೇ ಬೇರೆ. ಮೇಷ್ಟ್ರು ಮತ್ತೆ ಬರುತ್ತಾರೆ, ಅದೇ ಮಾತು ಕೇಳುತ್ತಾರೆ. ಮೇಷ್ಟ್ರ ಪಾತ್ರ ಮಾಡಿದ ಅಶ್ವಥ್ ಅವರ ದನಿಯಲ್ಲಿ ಅದೇ ಅಕ್ಕರೆ. ಮೇಷ್ಟ್ರು ಒಂದಿಷ್ಟೂ ಬದಲಾಗಿಲ್ಲ, ಬದಲಾಗಿರುವುದು ರಾಮಾಚಾರಿ. ಅವನ ಜೊತೆಗೆ ನಾವೂ. ಯಾಕೆಂದರೆ ಅಲಮೇಲುವನ್ನು ಅವನೂ ಕಂಡಿದ್ದಾನೆ, ನಾವೂ ಕಂಡಿದ್ದೇವೆ. ಹಾಗಾಗಿ ಈ ಸಲ ಅವನು ಒಲ್ಲೆ ಅಂದಾಗ ಯಾರೂ ನಮಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಈ ಜಾಣ್ಮೆ ನಮ್ಮ ಜನಕ್ಕೆ ಹೊಸದಲ್ಲ. ಗೋವಿನ ಹಾಡನ್ನು ನೆನಪು ಮಾಡಿಕೊಳ್ಳಿ. ಪುಣ್ಯಕೋಟಿ ಒಂದೇ ದಾರಿಯಲ್ಲಿ ಎರಡು ಸಲ ನಡೆಯುತ್ತಾಳೆ. ಒಂದು ಸಲ ಕರುವಿಗೆ ಹಾಲು ಕೊಡಲು, ಇನ್ನೊಂದು ಸಲ ಹುಲಿಯ ಬಾಯಿಗೆ. ಕಾಡು ಅದೇ, ಹೆಜ್ಜೆ ಅದೇ. ಎರಡನೇ ನಡಿಗೆಗೆ ಮಕ್ಕಳ ಕಣ್ಣು ತುಂಬುತ್ತದೆ, ಅಲ್ವಾ?

ಈಗ ಸಂಜೆ ಟೀವಿ ಮುಂದೆ ಕೂತಾಗ ನನಗೆ ಸಂಕಟವಾಗುವುದು ಇಲ್ಲೇ. ಧಾರಾವಾಹಿಯಲ್ಲೂ ಅದೇ ಮಾತು ಮತ್ತೆ ಮತ್ತೆ ಬರುತ್ತದೆ. ಅತ್ತೆ ಸೋಮವಾರ ಸೊಸೆಯನ್ನು ಅನುಮಾನಿಸುತ್ತಾಳೆ, ಬುಧವಾರವೂ ಅನುಮಾನಿಸುತ್ತಾಳೆ. ಎಲ್ಲರ ಮುಖವೂ ಮೂರು ಮೂರು ಸಲ ತೆರೆಯ ಮೇಲೆ ಬರುತ್ತದೆ, ಸಂಗೀತ ಢಂ ಅನ್ನುತ್ತದೆ. ದಿನಾ ಒಂದು ಕಂತು ಬರೆಯುವವರ ಕಷ್ಟ ಸಣ್ಣದಲ್ಲ. ನಿನ್ನೆ ನೋಡದವರಿಗೆ ಕಥೆ ನೆನಪಿಸಲೂ ಬೇಕು. ಹೇಳಿದ್ದನ್ನೇ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಸೋಮವಾರದಿಂದ ಬುಧವಾರಕ್ಕೆ ಆ ಸೊಸೆಗೆ ಏನೋ ಒಂದು ಹೊಸದು ಗೊತ್ತಾಗಿರಬೇಕು. ಒಂದು ಪತ್ರ, ಬಾಗಿಲ ಮರೆಯಲ್ಲಿ ಕೇಳಿದ ಒಂದು ಮಾತು, ಅಷ್ಟು ಸಾಕು. ಆಗ ಅವಳು ಸುಮ್ನೆ ನಿಂತಿದ್ದರೂ ನಾವು ಎದ್ದು ಹೋಗುವುದಿಲ್ಲ.

2018ರಲ್ಲಿ 'ನಾಗರಹಾವು' ಹೊಸ ರೂಪದಲ್ಲಿ ಮತ್ತೆ ಥಿಯೇಟರಿಗೆ ಬಂತು. ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಆಗ ಹದಿನಾರು. ಕಥೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಪಾಪ್‌ಕಾರ್ನ್ ತಿನ್ನುತ್ತಾ ಕೂತಿದ್ದವಳು ಮೇಷ್ಟ್ರು ಎರಡನೇ ಸಲ ರಾಮಾಚಾರಿಯ ಎದುರು ಬಂದು ನಿಂತಾಗ ನನ್ನ ಕೈ ಹಿಡಿದುಕೊಂಡಳು. ಅವರು ಇನ್ನೂ ಬಾಯಿ ತೆರೆದಿರಲಿಲ್ಲ. "ಮಾಮ, ಮತ್ತೆ ಅದನ್ನೇ ಕೇಳ್ತಾರಾ?" ಅಂದಳು.