ಕಲ್ಲಿದ್ದಲಿನೊಳಗೆ ಮೀಥೇನ್‌ಗೆ ಜಾಗ ಎಲ್ಲಿ?

ಕೇಳುಗರೇ, ನಮಸ್ಕಾರ.

ವಾಡಿ ಜಂಕ್ಷನ್ ಕಡೆ ಓಡಾಡುವವರು ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳನ್ನು ನೋಡಿರುತ್ತೀರಿ. ನಮ್ಮ ಕಲಬುರಗಿಯ ನೆಲದಲ್ಲಿ ಸುಣ್ಣದಕಲ್ಲು ಬೇಕಾದಷ್ಟಿದೆ, ಆದರೆ ಸಿಮೆಂಟ್ ಕಾರ್ಖಾನೆಗೆ ಬೇಕಾದ ಕಲ್ಲಿದ್ದಲು ಹೊರಗಿನಿಂದಲೇ ಬರಬೇಕು. ಅದು ಗಣಿಯಲ್ಲಿದ್ದಾಗ ಅದರೊಳಗೆ ಮೀಥೇನ್ ಅನಿಲ ಇರುತ್ತದೆ. ಗಣಿಯ ಗಾಳಿಯಲ್ಲಿ ಈ ಅನಿಲ ನೂರಕ್ಕೆ 5ರಿಂದ 15 ಪಾಲು ಬೆರೆತರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಹಾಗಾಗಿ ಯಾವ ಕಲ್ಲಿದ್ದಲು ಎಷ್ಟು ಅನಿಲ ಹಿಡಿದಿಟ್ಟುಕೊಂಡಿದೆ ಎನ್ನುವುದು ಕಾರ್ಮಿಕರ ಜೀವದ ಪ್ರಶ್ನೆ.

ಕಲ್ಲಿದ್ದಲಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಬಹಳಷ್ಟು 2 ನ್ಯಾನೋಮೀಟರಿಗಿಂತ ಕಿರಿದು. ಒಂದೇ ಗ್ರಾಂ ಕಲ್ಲಿದ್ದಲಿನ ಒಳಗೋಡೆಗಳನ್ನು ಬಿಡಿಸಿ ಹಾಸಿದರೆ ನೂರು ಚದರ ಮೀಟರ್ ದಾಟಬಹುದು! ಮೀಥೇನ್ ಈ ಗೋಡೆಗಳಿಗೆ ಹಗುರವಾಗಿ ಅಂಟಿಕೊಂಡಿರುತ್ತದೆ. ಅಡ್ಸಾರ್ಪ್ಶನ್ ಅನ್ನುವುದು ಇದನ್ನೇ.

ಆದರೆ ರಂಧ್ರ ಎಣಿಸಿದರೆ ಸಾಲದು, ಗೋಡೆ ಯಾವುದರದ್ದು ಅಂತಲೂ ಕೇಳಬೇಕು. ಎಳೆಯ ಕಲ್ಲಿದ್ದಲಾದ ಲಿಗ್ನೈಟ್‌ನಲ್ಲಿ ಆಮ್ಲಜನಕ ಜಾಸ್ತಿ. ಅದು ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಎಂಬ ಪರಮಾಣುಗಳ ಗುಂಪುಗಳಾಗಿ ಗೋಡೆಯಲ್ಲಿ ಕೂತಿರುತ್ತದೆ. ಈ ಗುಂಪುಗಳಿಗೆ ನೀರೆಂದರೆ ಪ್ರಾಣ. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಸೇಡಂ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ವಾ, ಇಲ್ಲಿ ಆ ಕೆಲಸ ನೀರಿನದು. ಆಮೇಲೆ ಬಂದ ಮೀಥೇನ್‌ಗೆ ಜಾಗವೇ ಇಲ್ಲ. ತಮಿಳುನಾಡಿನ ನೈವೇಲಿಯ ಲಿಗ್ನೈಟ್ ತೂಕದಲ್ಲಿ ಅರ್ಧದಷ್ಟು ನೀರೇ ಎಂದರೆ ಊಹಿಸಿ.

ಕೋಟ್ಯಂತರ ವರ್ಷ ನೆಲದೊಳಗೆ ಶಾಖ, ಒತ್ತಡ ತಿಂದು ಕಲ್ಲಿದ್ದಲು ಬಲಿತಂತೆ ಆಮ್ಲಜನಕದ ಗುಂಪುಗಳು ಉದುರುತ್ತವೆ. ಇಂಗಾಲದ ಉಂಗುರಗಳು ಪದರಪದರವಾಗಿ ಜೋಡಣೆಯಾಗುತ್ತವೆ. ನೀರಿಗೆ ಆ ಗೋಡೆ ಹಿಡಿಸುವುದಿಲ್ಲ, ಮೀಥೇನ್‌ಗೆ ಹಿಡಿಸುತ್ತದೆ. ಎಲ್ಲಕ್ಕಿಂತ ಬಲಿತ ಕಲ್ಲಿದ್ದಲಾದ ಆಂಥ್ರಸೈಟ್ ಹೆಚ್ಚು ಅನಿಲ ಹಿಡಿಯುವುದು ಇದಕ್ಕೇ. ಹಾಗಂತ ಇದು ಸೀದಾ ಏರುವ ಲೆಕ್ಕವಲ್ಲ. ನಡುವಯಸ್ಸಿನ ಬಿಟುಮಿನಸ್ ಕಲ್ಲಿದ್ದಲಿನಲ್ಲಿ ಎಣ್ಣೆ, ಟಾರಿನಂಥ ಪದಾರ್ಥ ಕೆಲವು ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ಇನ್ನೊಂದು ಮಾತು. ಲ್ಯಾಬಿನಲ್ಲಿ ಚೆನ್ನಾಗಿ ಒಣಗಿಸಿದ ಮಾದರಿಯನ್ನು ಅಳೆದು ಗಣಿಯಲ್ಲಿ ಇಷ್ಟು ಅನಿಲ ಹಿಡಿಸುತ್ತದೆ ಎಂದರೆ ನಾನಂತೂ ಒಪ್ಪುವುದಿಲ್ಲ. ಗಣಿಯ ಕಲ್ಲಿದ್ದಲು ತೇವವಾಗಿರುತ್ತದೆ.

ಒತ್ತಡ ಹೆಚ್ಚಿದರೆ ಮೀಥೇನ್ ಜಾಸ್ತಿ ಅಂಟುತ್ತದೆ, ಬಿಸಿ ಹೆಚ್ಚಿದರೆ ಬಿಡುತ್ತದೆ. ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ ಕಲ್ಲಿದ್ದಲಿನ ಪದರದಿಂದ ಅನಿಲ ತೆಗೆಯುವಾಗ ಬಳಸುವುದು ಒತ್ತಡದ ಈ ಗುಣವನ್ನೇ. ಬಿರುಕುಗಳ ನೀರನ್ನು ಮೊದಲು ಪಂಪ್ ಮಾಡುತ್ತಾರೆ, ಒತ್ತಡ ಇಳಿಯುತ್ತದೆ, ಮೀಥೇನ್ ಗೋಡೆ ಬಿಟ್ಟು ಹೊರಡುತ್ತದೆ. ಇಂಥ ಬಾವಿಗಳಲ್ಲಿ ಶುರುವಿನ ತಿಂಗಳುಗಳಲ್ಲಿ ಬರುವುದು ಹೆಚ್ಚಾಗಿ ನೀರೇ. ಅನಿಲಕ್ಕೆಂದು ದುಡ್ಡು ಹಾಕಿದವರು ಅಲ್ಲಿಯವರೆಗೆ ಅದನ್ನೇ ನೋಡುತ್ತಾ ಕೂರಬೇಕು.

ನಮಸ್ಕಾರ.