ಟೊಳ್ಳು ಗಿಟಾರು, ಪುಟ್ಟ ವಾಲ್ವ್ ಆಂಪ್

ಕೇಳುಗರಿಗೆ ನಮಸ್ಕಾರ.

ಸಭೆ ನಡೆಯುವಾಗ ಮೈಕು ಇದ್ದಕ್ಕಿದ್ದಂತೆ ಕುಂಯ್ ಎಂದು ಕಿರುಚುವುದು, ಸೌಂಡಿನವನು ಓಡಿಬಂದು ಗುಂಡಿ ತಿರುಗಿಸುವುದು ನಮಗೆಲ್ಲ ಗೊತ್ತಿರುವ ಸಂಗತಿ. ಸ್ಪೀಕರಿನಿಂದ ಹೊರಟ ದನಿ ಮತ್ತೆ ಮೈಕಿನೊಳಗೇ ಹೊಕ್ಕು, ಇನ್ನಷ್ಟು ದೊಡ್ಡದಾಗಿ ಸ್ಪೀಕರಿಗೆ ಬಂದು, ಹೀಗೆ ಸುತ್ತುತ್ತಾ ಬೆಳೆದರೆ ಆಗುವುದು ಅದು. ಒಡಲು ಟೊಳ್ಳಾಗಿರುವ ಎಲೆಕ್ಟ್ರಿಕ್ ಗಿಟಾರು ಹುಟ್ಟಿದಾಗಿನಿಂದ ಹೆಣಗುತ್ತಿರುವುದು ಈ ಫೀಡ್‌ಬ್ಯಾಕಿನ ಜೊತೆಗೇ. ಆದರೆ ಆ ಗಿಟಾರಿನ ಸೊಗಸು ಇರುವುದೂ ಅದೇ ಟೊಳ್ಳಿನಲ್ಲಿ. ಸೊಗಸು ಉಳಿಸಿಕೊಂಡು ಕಿರುಚಾಟವನ್ನು ದೂರವಿಡಲು ದಾರಿಗಳು ಹಲವಿವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು, ಅದಕ್ಕೆ ಒಂದು ಪುಟ್ಟ ವಾಲ್ವ್ ಆಂಪ್ಲಿಫೈಯರನ್ನು, ಅಂದರೆ ಗಾಜಿನ ವಾಲ್ವುಗಳಿಂದ ದನಿ ಹಿಗ್ಗಿಸುವ ಪೆಟ್ಟಿಗೆಯನ್ನು, ಜೊತೆ ಮಾಡುವುದು. ಇವತ್ತಿನ ಮಾತು ಆ ಜೋಡಿಯ ಬಗ್ಗೆ.

ಜೋಡಿ ಹಳೆಯದು. 1936ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಗಿಬ್ಸನ್ ಕಂಪನಿ ಇಎಸ್-150 ಎಂಬ ಗಿಟಾರನ್ನು ಹೊರತಂದಿತು. ಗಿಟಾರು, ಇಎಚ್-150 ಎಂಬ ವಾಲ್ವ್ ಆಂಪ್, ನಡುವೆ ಒಂದು ಕೇಬಲ್, ಎಲ್ಲ ಸೇರಿ ಸುಮಾರು 150 ಡಾಲರ್. ಅದರ ಹಿಂದಿನ ವರ್ಷವಷ್ಟೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರು ಮಾಡಿದ್ದರು. ದೂರದ ಎರಡು ಊರುಗಳ ಬೇರೆಬೇರೆ ಕೆಲಸ, ಆದರೆ ಎರಡರ ಒಳಗೂ ಕೆಂಪಗೆ ಉರಿಯುತ್ತಿದ್ದದ್ದು ಗಾಜಿನ ವಾಲ್ವುಗಳೇ.

ಆ ಗಿಟಾರಿನ ಮೇಲ್ಹಲಗೆ ಸ್ಪ್ರೂಸ್ ಮರದ್ದು, ಕೆತ್ತಿ ಉಬ್ಬಿಸಿದ್ದು. ಎರಡು ಕಡೆ ಪಿಟೀಲಿಗಿರುವಂಥ ಎಫ್ ಆಕಾರದ ಕಂಡಿಗಳು. ತಂತಿಗಳ ಕೆಳಗೆ, ಅವುಗಳ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಒಂದೇ ಪಿಕಪ್. ಅದರ ಭಾರದ ಅಯಸ್ಕಾಂತಗಳು ಹಲಗೆಯ ಅಡಿಯಲ್ಲಿ ಅಡಗಿದ್ದವು, ಹೊರಗೆ ಕಾಣುತ್ತಿದ್ದದ್ದು ಒಂದು ಪಟ್ಟಿ ಮತ್ತು ಮೂರು ತಿರುಪು. ಟೆಕ್ಸಾಸಿನಲ್ಲಿ ಹುಟ್ಟಿ ಓಕ್ಲಹೋಮಾ ಸಿಟಿಯಲ್ಲಿ ಬೆಳೆದ ಚಾರ್ಲಿ ಕ್ರಿಶ್ಚಿಯನ್ ಎಂಬ ಹುಡುಗ ಇದನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ. ಅಲ್ಲಿಯವರೆಗೆ ದೊಡ್ಡ ಜಾಜ್ ತಂಡಗಳಲ್ಲಿ ಗಿಟಾರು ಹೆಚ್ಚಾಗಿ ಹಿಂದಿನ ಸಾಲಿನಲ್ಲಿ ಕೂತು ತಾಳ ಹಿಡಿಯುತ್ತಿತ್ತು. ಕಹಳೆ, ಸ್ಯಾಕ್ಸೊಫೋನುಗಳ ಎದುರು ಅದರ ದನಿ ಕೇಳುವುದೇ ಕಷ್ಟ. ಕ್ರಿಶ್ಚಿಯನ್ ಒಂದೊಂದೇ ಸ್ವರ ಪೋಣಿಸಿ, ಸ್ಯಾಕ್ಸೊಫೋನ್ ನುಡಿಸುವವರ ಹಾಗೆ ಉದ್ದುದ್ದ ಸಾಲುಗಳನ್ನು ನುಡಿಸಿದ. ಕ್ಷಯರೋಗಕ್ಕೆ ತುತ್ತಾಗಿ 1942ರಲ್ಲಿ ತೀರಿಕೊಂಡಾಗ ಅವನಿಗೆ 25 ವರ್ಷ. ಅವನ ಧ್ವನಿಮುದ್ರಣಗಳನ್ನು ಹುಡುಕಿ ಕೇಳಿ. ದನಿ ದಪ್ಪಗಿದೆ, ಆದರೆ ಮಬ್ಬಾಗಿಲ್ಲ. ಸ್ವರದ ಅಂಚಿನಲ್ಲಿ ಸ್ವಲ್ಪ ಕೊರಕಲು ಇದೆ. ಆ ಕೊರಕಲು ಗಿಟಾರಿನದೊಂದೇ ಅಲ್ಲ, ಆಂಪಿನದೂ ಹೌದು.

ಇದು ಹೇಗೆ ಎಂದು ತಿಳಿಯಲು ಟೊಳ್ಳು ಒಡಲಿನ ಸ್ವಭಾವ ನೋಡಬೇಕು. ಗಟ್ಟಿ ಮರದ ಗಿಟಾರಿನಲ್ಲಿ ಮೀಟಿದ ತಂತಿಯ ಶಕ್ತಿ ತಂತಿಯಲ್ಲೇ ಉಳಿಯುತ್ತದೆ, ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಟೊಳ್ಳು ಗಿಟಾರಿನಲ್ಲಿ ತೆಳುವಾದ ಹಲಗೆ ಆ ಶಕ್ತಿಯನ್ನು ಬೇಗ ಹೀರಿಕೊಂಡು ಗಾಳಿಗೆ ಕೊಡುತ್ತದೆ. ಹಾಗಾಗಿ ಮೊದಲ ಪೆಟ್ಟು ಜೋರು, ಆಮೇಲೆ ಸ್ವರ ಸರಸರನೆ ಇಳಿಯುತ್ತದೆ. ವೀಣೆಗೆ ಪಿಕಪ್ ಅಂಟಿಸಿ ಕಛೇರಿ ಮಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಹಲಸಿನ ಮರದ ಆ ಟೊಳ್ಳು ಕೊಡವೂ ಸ್ಪೀಕರ್ ಹತ್ತಿರ ಬಂದರೆ ಗುಂಯ್ಗುಟ್ಟುತ್ತದೆ.

ಇನ್ನು ಆಂಪ್. ಹಳೆಯ ವಾಲ್ವ್ ರೇಡಿಯೊ ಇದ್ದ ಮನೆಯವರಿಗೆ ಇದರ ಪರಿಚಯ ಅರ್ಧ ಆಗಿಯೇ ಇದೆ. ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ, ಬಿಸಿಯಾಗುವವರೆಗೆ ಕಾಯಬೇಕಿತ್ತು. ಗಾಜಿನ ಬುರುಡೆಯೊಳಗಿನ ತಂತಿ ಕಾದರೆ ಎಲೆಕ್ಟ್ರಾನುಗಳು ಹೊರಟು, ನಿರ್ವಾತದಲ್ಲಿ ಹಾರಿ, ಹೆಚ್ಚಿನ ವೋಲ್ಟೇಜ್ ಇರುವ ತಗಡಿನ ಕಡೆಗೆ ಹೋಗುತ್ತವೆ. ನಡುವೆ ಒಂದು ಜಾಲರಿ. ಗಿಟಾರಿನಿಂದ ಬಂದ ಸಣ್ಣ ಸಂಕೇತ ಆ ಜಾಲರಿಗೆ ತಾಗಿ ಇಡೀ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ರೇಡಿಯೊಗಳಲ್ಲಿ ಸ್ಪೀಕರ್ ನಡೆಸುತ್ತಿದ್ದ ಇಎಲ್84 ಎಂಬ ವಾಲ್ವೇ ಇಂಗ್ಲೆಂಡಿನ ವಾಕ್ಸ್ ಎಸಿ15 ಆಂಪಿನಲ್ಲೂ ಇದೆ. ಅದೇ ಇಎಲ್84 ಬಿಇಎಲ್ ಹೆಸರು ಹೊತ್ತು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದಲೂ ಹೊರಬಂದಿದೆ. ಹಳೆಯ ವಾಲ್ವ್ ಹುಡುಕುವ ಹುಚ್ಚಿನವರು ಇವತ್ತಿಗೂ ಅದನ್ನು ಜೋಪಾನ ಮಾಡುತ್ತಾರೆ.

ಪುಟ್ಟ ಆಂಪ್ ಅಂದರೆ ಎಷ್ಟು ಪುಟ್ಟದು? 1950ರ ದಶಕದ ಕೊನೆಯ ಫೆಂಡರ್ ಚಾಂಪ್ ತೆಗೆದುಕೊಳ್ಳಿ. ಮೂರೇ ವಾಲ್ವ್: ಮುಂದೆ ಒಂದು 12ಎಎಕ್ಸ್7, ಸ್ಪೀಕರ್ ನಡೆಸಲು ಒಂದು 6ವಿ6, ಎಸಿಯನ್ನು ಡಿಸಿ ಮಾಡಲು ಒಂದು 5ವೈ3. ಸ್ಪೀಕರ್ 8 ಇಂಚು. ಶಕ್ತಿ 5 ವಾಟ್ ಆಸುಪಾಸು. ಗುಂಡಿ ಒಂದೇ, ವಾಲ್ಯೂಮ್. ಕಲಿಯುವ ಮಕ್ಕಳಿಗೆಂದು ಮಾಡಿದ ಈ ಪೆಟ್ಟಿಗೆಯನ್ನು ಆಮೇಲೆ ಸ್ಟುಡಿಯೊಗಳಲ್ಲಿ ದೊಡ್ಡವರೇ ಹಿಡಿದುಕೊಂಡರು.

ಈಗ ಎರಡನ್ನೂ ಸೇರಿಸಿ ನೋಡೋಣ. ವಾಲ್ವನ್ನು ಅದರ ಮಿತಿಯ ಹತ್ತಿರ ದುಡಿಸಿದಾಗ ಅಲೆಯ ತುದಿಗಳು ಥಟ್ಟನೆ ಕತ್ತರಿಸಿಹೋಗುವುದಿಲ್ಲ, ಮೆತ್ತಗೆ ಚಪ್ಪಟೆಯಾಗುತ್ತವೆ. ಟೊಳ್ಳು ಗಿಟಾರಿನ ಜೋರಾದ ಮೊದಲ ಪೆಟ್ಟು ಅಲ್ಲಿ ತಗ್ಗುತ್ತದೆ. ಹಿಂದೆ ಬರುವ ಕ್ಷೀಣ ಸ್ವರ ತಗ್ಗುವುದಿಲ್ಲ. ಕಿವಿಗೆ ಸ್ವರ ಹೆಚ್ಚು ಹೊತ್ತು ನಿಂತಂತೆ ಕೇಳುತ್ತದೆ. ಗಿಟಾರಿನ ಕೊರತೆಯನ್ನು ಆಂಪಿನ ಕೊರತೆ ತುಂಬಿಕೊಟ್ಟ ಹಾಗಾಯಿತು. ಎರಡು ಔಟ್‌ಪುಟ್ ವಾಲ್ವ್ ಇರುವ ಆಂಪುಗಳಲ್ಲಿ ಇನ್ನೊಂದು ಆಟವೂ ಇದೆ. ಜೋರಾಗಿ ಮೀಟಿದ ಗಳಿಗೆಯಲ್ಲಿ ಒಳಗಿನ ವೋಲ್ಟೇಜ್ ಕೊಂಚ ಕುಸಿದು ಮತ್ತೆ ಏರುತ್ತದೆ, ಸ್ವರ ಉಸಿರೆಳೆದುಕೊಂಡು ಬಂದಂತೆ ಬರುತ್ತದೆ. ಚಾಂಪಿನಂಥ ಒಂಟಿ ವಾಲ್ವಿನ ಆಂಪಿನಲ್ಲಿ ಇದು ಕಡಿಮೆ.

ದೊಡ್ಡ ಆಂಪಿನಲ್ಲಿ ಇದೇ ಹದ ಸಿಗುವುದಿಲ್ಲವೇ? ಸಿಗುತ್ತದೆ. ಆದರೆ 50 ವಾಟಿನ ಆಂಪಿನ ವಾಲ್ವುಗಳು ಆ ಹದಕ್ಕೆ ಬರುವಷ್ಟರಲ್ಲಿ ಗಿಟಾರಿನ ಒಡಲು ಎಂದೋ ಕಿರುಚಲು ಶುರು ಮಾಡಿರುತ್ತದೆ. 5 ವಾಟಿನದು ಕೋಣೆ ತಾಳುವ ಸದ್ದಿನಲ್ಲೇ ಹದಕ್ಕೆ ಬರುತ್ತದೆ. ಹಾಗೆಂದು 5 ವಾಟ್ ಪಿಸುಮಾತಲ್ಲ. ಶಕ್ತಿ ಹತ್ತು ಪಟ್ಟಾದರೆ ಏರುವುದು 10 ಡೆಸಿಬೆಲ್, ಕಿವಿಗೆ ಸುಮಾರು ಎರಡು ಪಟ್ಟು ಅಷ್ಟೆ. ಚಾಂಪಿನ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಬೆಲ್ ಒತ್ತುವುದು ಖಂಡಿತ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಟೊಳ್ಳು ಒಡಲು ಸುಲಭವಾಗಿ ಅನುರಣಿಸುವುದು ತಗ್ಗಿನ ಸ್ವರಗಳಿಗೆ. ಗಿಟಾರಿನ ಐದನೇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ 110 ಹರ್ಟ್ಸ್. ಗುಂಯ್ ಎನ್ನುವುದು ಬಹಳ ಸಲ ಅದರ ಆಚೀಚೆ. ಹಿಂಬದಿ ತೆರೆದ ಚಿಕ್ಕ ಪೆಟ್ಟಿಗೆ, ಅದರಲ್ಲಿ 8 ಇಂಚಿನ ಸ್ಪೀಕರ್ ಇದ್ದರೆ ಆ ತಗ್ಗಿನ ದನಿ ಹೊರಬರುವುದೇ ಅಷ್ಟಕ್ಕಷ್ಟೆ. ಬೇರೆ ಗಿಟಾರಿಗೆ ತೆಳುವಾಗಿ ಕೇಳುವ ಆಂಪ್ ಈ ಗಿಟಾರಿಗೆ ಸರಿಹೊಂದುವುದು ಅದಕ್ಕೇ.

ಬೇರೆ ದಾರಿ ಹಿಡಿದವರೂ ಇದ್ದಾರೆ. 1958ರಲ್ಲಿ ಗಿಬ್ಸನ್ ಇಎಸ್-335 ತಂದು ಒಡಲಿನ ನಡುವೆ ಉದ್ದಕ್ಕೂ ಮೇಪಲ್ ಮರದ ದಿಮ್ಮಿ ಕೂರಿಸಿತು. ಬ್ಲೂಸ್ ಗಿಟಾರುಗಾರ ಬಿ.ಬಿ. ಕಿಂಗ್ ಎಫ್ ಕಂಡಿಗಳಿಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಅವರ ಲೂಸಿಲ್ ಮಾದರಿ ಬಂದಾಗ ಕಂಡಿಗಳೇ ಇರಲಿಲ್ಲ. ದೊಡ್ಡ ವೇದಿಕೆಗೆ ಅದು ಸರಿ. ಹತ್ತು ಮಂದಿ ಕೂರುವ ಕೋಣೆಯಲ್ಲಿ ನುಡಿಸಲು ಕಂಡಿ ಮುಚ್ಚುವುದೇಕೆ ಎಂಬುದು ನನ್ನ ತಕರಾರು. ಜಾಜ್ ಗಿಟಾರುಗಾರ ಜಿಮ್ ಹಾಲ್ ಅವರ ಟೊಳ್ಳು ಗಿಟಾರು ಇಎಸ್-175 ಮತ್ತು ಗಿಬ್ಸನ್ ಜಿಎ-50 ಆಂಪಿನ ಜೊತೆಯನ್ನು ಕೇಳಿದವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು. ಆ ಆಂಪ್ ಚಾಂಪಿಗಿಂತ ದೊಡ್ಡದೇ, ಆದರೆ ಅವರು ಅದನ್ನು ಎಂದೂ ಅರಚಲು ಬಿಟ್ಟಂತೆ ಕೇಳುವುದಿಲ್ಲ.

ಹೊಂದಿಸುವುದು ಹೇಗೆ? ಆಂಪಿನ ವಾಲ್ಯೂಮನ್ನು ಮೊದಲು ಏರಿಸಿ, ಜೋರಾಗಿ ಮೀಟಿದಾಗ ಮಾತ್ರ ದನಿಯ ಅಂಚು ಒಡೆಯುವಲ್ಲಿ ನಿಲ್ಲಿಸಿ. ಮಿಕ್ಕಿದ್ದನ್ನೆಲ್ಲ ಗಿಟಾರಿನ ವಾಲ್ಯೂಮ್ ಗುಂಡಿಯಲ್ಲೇ ಮಾಡಿ. ಸ್ವಲ್ಪ ಇಳಿಸಿದರೆ ದನಿ ತಿಳಿಯಾಗುತ್ತದೆ. ಜಾಜ್ ಅಂದರೆ ಮಂದ ದನಿ ಎಂದುಕೊಂಡು ಟೋನ್ ಗುಂಡಿಯನ್ನು ಸೊನ್ನೆಗೆ ಇಳಿಸುವವರಿದ್ದಾರೆ. ನನಗದು ಗಾಯಕನಿಗೆ ಕಂಬಳಿ ಮುಸುಕು ಹಾಕಿ ಹಾಡಿಸಿದಂತೆ ಕೇಳುತ್ತದೆ. ತಂತಿ ಫ್ಲಾಟ್‌ವೌಂಡ್, ಅಂದರೆ ಚಪ್ಪಟೆ ಪಟ್ಟಿ ಸುತ್ತಿದ ನುಣುಪಾದದ್ದು ಆಗಿರಲಿ, ಮೊದಲ ತಂತಿ 12ರದ್ದು, ಅಂದರೆ ಇಂಚಿನ ಸಾವಿರದಲ್ಲಿ 12 ಪಾಲು ದಪ್ಪದ್ದು, ಮೂರನೆಯದು ಸುತ್ತು ಇರುವಂಥದ್ದು. ಬೆರಳು ಮೊದಮೊದಲು ನೋಯುತ್ತದೆ. ಆಂಪನ್ನು ಕುರ್ಚಿಯ ಮೇಲಿಟ್ಟು, ಗಿಟಾರಿನ ಮುಖಕ್ಕೆ ನೇರ ಬಾರದಂತೆ ಪಕ್ಕಕ್ಕೆ ತಿರುಗಿಸಿ. ಕೋಣೆಯ ಮೂಲೆಗೆ ತಳ್ಳಿದರೆ ತಗ್ಗಿನ ದನಿ ಉಬ್ಬುತ್ತದೆ, ಬೇಡ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಆಂಪ್ ಇದ್ದರೆ ಒಂದು ಎಚ್ಚರಿಕೆ. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಬೇಡಿ. ಅದು ವೋಲ್ಟೇಜನ್ನಷ್ಟೇ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಆದ್ದರಿಂದ ಆಂಪಿನೊಳಗಿನ ಟ್ರಾನ್ಸ್‌ಫಾರ್ಮರ್ ಕೊಂಚ ಹೆಚ್ಚು ಬಿಸಿಯಾಗಬಹುದು. ಹಳೆಯ ಆಂಪಿನ ಎರಡು ಪಿನ್ನಿನ ವೈರ್ ತೆಗೆಸಿ ಅರ್ತ್ ಇರುವ ಮೂರು ಪಿನ್ನಿನದು ಹಾಕಿಸಿ. ಸ್ಪೀಕರಿನ ವೈರ್ ಬಿಚ್ಚಿರುವಾಗ ಆಂಪ್ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಹಿಂಬದಿಯ ಹಲಗೆ ತೆಗೆದು ಒಳಗೆ ಕೈಹಾಕುವ ಕೆಲಸವನ್ನಂತೂ ವಾಲ್ವ್ ರಿಪೇರಿ ಬಲ್ಲವರಿಗೇ ಬಿಡಿ. ಪ್ಲಗ್ ಕಿತ್ತ ಮೇಲೂ ಅಲ್ಲಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ನಮಸ್ಕಾರ.