ಆ ಹುಡುಗರನ್ನು ವೀರರೆಂದು ಕರೆಯಬೇಡಿ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ 1959ರ ಜರ್ಮನ್ ಚಿತ್ರ ‘ಡೀ ಬ್ರ್ಯೂಕೆ’, ಅಂದರೆ ‘ಸೇತುವೆ’ಯ ಬಗ್ಗೆ ನಾಲ್ಕು ಮಾತು ಆಡಿದ್ದೆ. ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲಿ ಜರ್ಮನ್ ಸೈನ್ಯಕ್ಕೆ ಎಳೆದುಕೊಂಡ ಏಳು ಶಾಲಾಹುಡುಗರು, ಮುಂದೊತ್ತಿ ಬರುವ ಅಮೆರಿಕನ್ ಸೈನ್ಯದೆದುರು ತಮ್ಮ ಊರಿನ ಸೇತುವೆಯನ್ನು ಕಾಯಲು ನಿಲ್ಲುವ ಕಥೆ ಅದು. ಅದಕ್ಕೆ ವೀಕ್ಷಕರೊಬ್ಬರು, ‘ಹದಿನಾರರ ವಯಸ್ಸಿನಲ್ಲಿ ಟ್ಯಾಂಕುಗಳಿಗೆ ಎದೆಗೊಟ್ಟ ಆ ಏಳು ಹುಡುಗರಿಗೆ ವೀರಗಲ್ಲು ನಿಲ್ಲಿಸಬೇಕು’ ಎಂದು ಬರೆದಿದ್ದಾರೆ. ಮೆಚ್ಚಿ ಬರೆದ ಮಾತೇ ಅದು, ಬಲ್ಲೆ. ಆದರೆ ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ದಯವಿಟ್ಟು ಆ ಹುಡುಗರನ್ನು ವೀರರೆನ್ನಬೇಡಿ.

ನಮ್ಮ ವೀರಗಲ್ಲುಗಳಲ್ಲಿ ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದವರಿದ್ದಾರೆ, ಊರಳಿವನ್ನು ತಡೆಯಲು ನಿಂತು ಮಡಿದವರಿದ್ದಾರೆ. ಈ ಹುಡುಗರು ಕಾದದ್ದು ಏನನ್ನು? 1945ರ ಏಪ್ರಿಲ್ ತಿಂಗಳ ಕೊನೆ, ಯುದ್ಧ ಸೋತಾಗಿದೆ, ಎದುರಿಗಿರುವುದು ತಮ್ಮದೇ ಊರಿನ ಸೇತುವೆ, ಅದನ್ನೂ ಅವರ ಸೈನ್ಯವೇ ಸ್ಫೋಟಿಸುವುದೆಂದು ತೀರ್ಮಾನವಾಗಿದೆ. ಶಾಲೆಯ ಮೇಷ್ಟರು ಹೋಗಿ ಬೇಡಿಕೊಂಡದ್ದರಿಂದ, ಮಕ್ಕಳು ಕಾಳಗದಿಂದ ದೂರವಿರಲೆಂದೇ ಅಧಿಕಾರಿಯೊಬ್ಬ ಅವರನ್ನು ಅಲ್ಲಿಗೆ ಹಾಕುತ್ತಾನೆ. ಆದರೆ ಅವರ ಮೇಲ್ವಿಚಾರಣೆಗಿದ್ದ ಹಿರಿಯ ಸೈನಿಕ ಊರೊಳಗೆ ಹೋದಾಗ, ಸೈನ್ಯ ಬಿಟ್ಟು ಓಡುತ್ತಿದ್ದಾನೆಂದು ಶಂಕಿಸಿ ಜರ್ಮನ್ ಗಸ್ತಿನವರೇ ಅವನನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ‘ಸಾಕು, ಮನೆಗೆ ಹೋಗಿ’ ಎಂದು ಹೇಳಬಹುದಾಗಿದ್ದವನು ಹೀಗೆ ಇಲ್ಲವಾದ ಮೇಲೆ, ಮಕ್ಕಳು ಆಜ್ಞೆಯನ್ನು ಹಿಡಿದುಕೊಂಡು ಅಲ್ಲೇ ಉಳಿದುಬಿಡುತ್ತಾರೆ. ಇದು ವೀರಗಲ್ಲಿನ ಕಥೆಯಲ್ಲ.

ಸಿಗಿ ಎಂಬ ಪುಟ್ಟ ಹುಡುಗನನ್ನು ನೆನಪಿಸಿಕೊಳ್ಳಿ. ಹಿಂದೊಮ್ಮೆ ಹೆದರಿ ನೆಲಕ್ಕೆ ಬಿದ್ದನೆಂದು ಗೆಳೆಯರು ಅವನನ್ನು ಗೇಲಿ ಮಾಡಿರುತ್ತಾರೆ. ಸೇತುವೆಯ ಮೇಲೆ ವಿಮಾನ ಹಾದುಬಂದಾಗ ಎಲ್ಲರೂ ಮಲಗಿದರೂ ಅವನು ನಿಂತೇ ಇರುತ್ತಾನೆ, ಮೊದಲು ಸಾಯುವವನೂ ಅವನೇ. ಅವನ ಜೀವ ತೆಗೆದದ್ದು ‘ಹೇಡಿ’ ಎಂಬ ಹೀಯಾಳಿಕೆ. ಅದೇ ತಕ್ಕಡಿಯ ಇನ್ನೊಂದು ತಟ್ಟೆಯಿಂದ ‘ವೀರ’ ಎಂಬ ಮಾತನ್ನೆತ್ತಿ ಅವನ ಹೆಣದ ಮೇಲೆ ಇಡಬೇಕೆ? ಮುಂದೆ ಅಮೆರಿಕನ್ ಸೈನಿಕನೊಬ್ಬ, ಶಿಶುವಿಹಾರದ ಮಕ್ಕಳೊಂದಿಗೆ ನಾವು ಕಾದುವುದಿಲ್ಲವೆಂದು ಕೂಗಿ ಹೇಳಿದಾಗ, ಆ ಮಾತಿಗೇ ಕೆರಳಿ ಒಬ್ಬ ಹುಡುಗ ಗುಂಡು ಹಾರಿಸುತ್ತಾನೆ. ಬದುಕಲು ಸಿಕ್ಕ ದಾರಿ ಅಲ್ಲಿಗೆ ಮುಚ್ಚುತ್ತದೆ.

‘ಆಜ್ಞೆ ಪಾಲಿಸಿದ್ದು ಶೌರ್ಯವಲ್ಲವೇ?’ ಎಂದು ಇನ್ನೊಬ್ಬರು ಕೇಳಿದ್ದಾರೆ. ಅಲ್ಲ. ಅದು ಶೌರ್ಯವಾದರೆ, ಹದಿನಾರರ ಮಕ್ಕಳಿಗೆ ಬಂದೂಕು ಕೊಟ್ಟವರೂ ಗುರುಗಳೆನಿಸಿಕೊಳ್ಳಬೇಕಾಗುತ್ತದೆ.

ಈ ಚಿತ್ರವನ್ನು ಮಾಡಿದವರು ಯಾರೆಂದೂ ತಿಳಿದಿರಬೇಕು. ನಿರ್ದೇಶಕ ಬರ್ನ್‌ಹಾರ್ಡ್ ವಿಕಿ ಹತ್ತೊಂಬತ್ತರ ಆಸುಪಾಸಿನಲ್ಲೇ ನಾಜಿಗಳ ಸಾಕ್ಸನ್‌ಹೌಸನ್ ಶಿಬಿರದಲ್ಲಿ ಕೆಲವು ತಿಂಗಳು ಬಂದಿಯಾಗಿದ್ದವರು. ಮೂಲ ಕಾದಂಬರಿಯನ್ನು ಮಾನ್‌ಫ್ರೆಡ್ ಗ್ರೆಗೋರ್ ಎಂಬ ಹೆಸರಿನಲ್ಲಿ 1958ರಲ್ಲಿ ಬರೆದ ಗ್ರೆಗೋರ್ ಡಾರ್ಫ್‌ಮೈಸ್ಟರ್, ಹದಿನಾರನೆಯ ವಯಸ್ಸಿನಲ್ಲಿ ಸ್ವತಃ ಇಂಥದೇ ಕಾವಲಿಗೆ ನಿಂತು ಬದುಕಿ ಬಂದವರು. ಬವೇರಿಯಾದ ಖಾಮ್ ಎಂಬ ಊರಿನ ಸೇತುವೆಯ ಮೇಲೆ, ಲಾರಿಗಳಿಗೆ ಮರದ ಹೊದಿಕೆ ಹಾಕಿ ಮಾಡಿದ ಟ್ಯಾಂಕುಗಳನ್ನಿಟ್ಟುಕೊಂಡು ವಿಕಿ ಇದನ್ನು ಚಿತ್ರಿಸಿದರು. ಆಸ್ಕರ್‌ಗೆ ನಾಮನಿರ್ದೇಶನವಾಯಿತು, ಗೋಲ್ಡನ್ ಗ್ಲೋಬ್ ಬಂತು. ನನಗೆ ಮುಖ್ಯವಾಗಿ ಕಾಣುವುದು ಕೊನೆಯ ಬರಹ: ಇದು 1945ರ ಏಪ್ರಿಲ್ 27ರಂದು ನಡೆಯಿತು, ಯಾವ ಸೇನಾ ಪ್ರಕಟಣೆಯಲ್ಲೂ ಉಲ್ಲೇಖವಾಗದಷ್ಟು ಅಮುಖ್ಯ ಘಟನೆಯಾಗಿತ್ತು ಎಂದು ತೆರೆಯ ಮೇಲೆ ಮೂಡುತ್ತದೆ. ಬದುಕಿ ಬಂದವರು ಸೇರಿ ಇಷ್ಟು ಸ್ಪಷ್ಟವಾಗಿ ಹೇಳಿರುವಾಗ, ಅವರು ಕೊಡದ ಬಿರುದನ್ನು ನಾವೇಕೆ ಕೊಡಬೇಕು?

ಈ ವಾಹಿನಿಯಲ್ಲಿ ಯುದ್ಧದ ಚಿತ್ರಗಳ ಸರಣಿಯನ್ನೇ ಮಾಡುತ್ತಿದ್ದೇನೆ. ಸಬ್‌ಸ್ಕ್ರೈಬ್ ಆಗಿ, ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಂಡು ನೋಡಿ. ‘ಸೇತುವೆ’ಯನ್ನಂತೂ ಖಂಡಿತ ನೋಡಿ.

ನೋಡಿದ ಮೇಲೂ ಅವರನ್ನು ವೀರರೆನ್ನಲು ನಾಲಿಗೆ ಏಳುವುದಾದರೆ, ಮತ್ತೊಮ್ಮೆ ನೋಡಿ. ಸಿಗಿಯ ಮುಖವನ್ನು ನೋಡಿ. ಕೊನೆಗೆ ಒಬ್ಬನೇ ಉಳಿಯುವ ಆಲ್ಬರ್ಟನ ಮುಖವನ್ನು ನೋಡಿ. ಅವರು ವೀರರಲ್ಲ, ಅಲ್ಲವೇ ಅಲ್ಲ! ಆ ಮಾತನ್ನು ಬರೆದ ಸ್ನೇಹಿತರೇ, ಅದೊಂದು ಪದವನ್ನು ಅಳಿಸಿ, ‘ಹುಡುಗರು’ ಎಂದಷ್ಟೇ ಬಿಡಿ.